ಪರದೆಯನ್ನು ಕನ್ನಡದ ಕೈಗೆ ಒಗ್ಗಿಸುವುದು

(ಬರಹಗಾರರು, ಡಿಟಿಪಿ ಕೆಲಸಗಾರರು ಮತ್ತು ಶಿಕ್ಷಕರಿಗಾಗಿ ಏರ್ಪಡಿಸಿದ್ದ ಕಾರ್ಯಾಗಾರವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ಪರದೆಯ ಮೇಲೆ ತೋರಿಸಿದ್ದನ್ನು ಇಲ್ಲಿ ಮಾತಿನಲ್ಲಿ ವಿವರಿಸಿದೆ. ಕೊನೆಯಲ್ಲಿ ಸಭಿಕರ ಕೆಲವು ಪ್ರಶ್ನೆಗಳನ್ನೂ ಉಳಿಸಿಕೊಂಡಿದೆ.)

ಎಲ್ಲರಿಗೂ ನಮಸ್ಕಾರ.

ವರ್ಡ್ ತೆರೆದಾಗ ಮೇಲೆ ಸಾಲುಗಟ್ಟಿ ನಿಲ್ಲುವ ಗುಂಡಿಗಳಲ್ಲಿ ನೀವು ನಿಜವಾಗಿ ಒತ್ತುವುದು ಎಷ್ಟನ್ನು ಎಂದು ಒಮ್ಮೆ ಯೋಚಿಸಿ. ಹತ್ತೋ ಹನ್ನೆರಡೋ ಎಂದು ಉತ್ತರ ಬಂದರೆ ಸಂಕೋಚ ಬೇಡ, ಲೋಕವೆಲ್ಲ ಹಾಗೆಯೇ ಇದೆ. ವರ್ಡ್ 2003ರ ಕಾಲದಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಒಪ್ಪಿಗೆ ಕೊಟ್ಟ ಬಳಕೆದಾರರ ಯಂತ್ರಗಳಿಂದ ಯಾವ ಆಜ್ಞೆಯನ್ನು ಎಷ್ಟು ಸಲ ಕೊಟ್ಟರು ಎಂಬ ಲೆಕ್ಕ ತರಿಸಿಕೊಂಡಿತ್ತು. ಪೇಸ್ಟ್, ಸೇವ್, ಕಾಪಿ, ಅನ್‌ಡೂ, ಬೋಲ್ಡ್ ಈ ಐದೇ ಸೇರಿ ಒಟ್ಟು ಬಳಕೆಯ ಸುಮಾರು ಶೇ. 32 ಆಗಿದ್ದವು. ಪೇಸ್ಟ್ ಒಂದರ ಪಾಲೇ ಶೇ. 11ಕ್ಕಿಂತ ಹೆಚ್ಚು. ಬರೆಯುವ ತಂತ್ರಾಂಶ ಎಂದು ನಾವು ಕರೆಯುವುದು ಲೆಕ್ಕದ ಪ್ರಕಾರ ಅಂಟಿಸುವ ತಂತ್ರಾಂಶ!

ಹಾಗಾದರೆ ಉಳಿದ ಗುಂಡಿಗಳನ್ನು ತಯಾರಕರೇ ಕಿತ್ತುಹಾಕಬಾರದೇಕೆ? ಈ ಪ್ರಶ್ನೆಗೆ ಕೆನಡಾದ ಸಂಶೋಧಕಿ ಜೊಆನಾ ಮೆಕ್‌ಗ್ರೆನೀರ್ ಅವರ ಅಧ್ಯಯನದಲ್ಲಿ ಉತ್ತರವಿದೆ. ವರ್ಡ್ 97 ಬಳಸುವ 53 ಜನರನ್ನು ಕೂರಿಸಿಕೊಂಡು, ಮೊದಲ ನೋಟಕ್ಕೇ ಕೈಗೆ ಸಿಗುವ 265 ಆಜ್ಞೆಗಳಲ್ಲಿ ಯಾವುದನ್ನು ಬಳಸುತ್ತೀರಿ ಎಂದು ಒಂದೊಂದಾಗಿ ಕೇಳಿದರು. ಮುಕ್ಕಾಲು ಪಾಲಿಗಿಂತ ಹೆಚ್ಚು ಜನ ತಪ್ಪದೆ ಬಳಸುತ್ತಿದ್ದವು ಹನ್ನೆರಡು ಮಾತ್ರ. ಆ ಹನ್ನೆರಡನ್ನು ಬಿಟ್ಟರೆ ಒಬ್ಬರ ಪಟ್ಟಿ ಇನ್ನೊಬ್ಬರದರಂತೆ ಇರಲಿಲ್ಲ. ವಕೀಲರ ಗುಮಾಸ್ತನಿಗೆ ಬೇಕಾದ ಸಾಲು ಸಂಖ್ಯೆ ಕವಿಗೆ ಬೇಡ, ಸಂಶೋಧನಾ ವಿದ್ಯಾರ್ಥಿಗೆ ಬೇಕಾದ ಅಡಿಟಿಪ್ಪಣಿ ಮದುವೆ ಪತ್ರಿಕೆ ಮಾಡುವವರಿಗೆ ಬೇಡ. ಕಂಪನಿ ಯಾವುದನ್ನು ತೆಗೆದರೂ ಎಲ್ಲೋ ಒಂದೆಡೆ ಕೂಗು ಏಳುತ್ತದೆ. ಆದ್ದರಿಂದ ತೆಗೆಯುವ ಕೆಲಸ ನಮ್ಮ ಪಾಲಿಗೆ ಉಳಿದಿದೆ.

ನನ್ನ ವೃತ್ತಿ ಬೇರೆಯವರ ಕರಡುಗಳನ್ನು ಪುಸ್ತಕಕ್ಕೆ ಅಣಿಗೊಳಿಸುವುದು. ಅಂದರೆ ದಿನದ ಬಹುಪಾಲು ಇಂಥ ಪರದೆಯ ಮುಂದೆಯೇ ಕಳೆಯುತ್ತದೆ. ಇಂದು ನಾನು ಹೇಳಬೇಕೆಂದು ಬಂದಿರುವುದು ಒಂದೇ ವಿಚಾರ: ಪರದೆಯನ್ನು ಒಗ್ಗಿಸಿಕೊಳ್ಳುವುದು ಅಲಂಕಾರದ ಕೆಲಸವಲ್ಲ, ಅದರಲ್ಲೂ ಕನ್ನಡದಲ್ಲಿ ಬರೆಯುವವರಿಗೆ ಅದು ಕಡ್ಡಾಯಕ್ಕೆ ಹತ್ತಿರದ ಕೆಲಸ. ಏಕೆಂದರೆ ಈ ತಂತ್ರಾಂಶಗಳು ಹೊರಡುವಾಗ ಮನಸ್ಸಿನಲ್ಲಿ ಇಟ್ಟುಕೊಂಡ ಬರಹಗಾರ ನಮ್ಮಲ್ಲಿ ಯಾರೂ ಅಲ್ಲ.

ಮೊದಲು ಸ್ವಲ್ಪ ಹಿಂದಿನ ಕಥೆ. 1978ರಲ್ಲಿ ಬಂದ ವರ್ಡ್‌ಸ್ಟಾರ್ ಎಂಬ ಬರೆಯುವ ತಂತ್ರಾಂಶದಲ್ಲಿ ಮೌಸ್ ಇರಲಿಲ್ಲ, ಪರದೆಯ ಮೇಲರ್ಧದಲ್ಲಿ ಆಜ್ಞೆಗಳ ಪಟ್ಟಿಯೇ ಕೂತಿರುತ್ತಿತ್ತು. ಆದರೆ ಅದರಲ್ಲಿ ಒಂದು ಜಾಣತನವಿತ್ತು. ಸಹಾಯದ ಮಟ್ಟವನ್ನು ಮೂರರಿಂದ ಸೊನ್ನೆಯವರೆಗೆ ಇಳಿಸಬಹುದಿತ್ತು. ಹೊಸಬ ಮೂರರಲ್ಲಿ ಇರುತ್ತಾನೆ. ಕೈ ಪಳಗಿದಂತೆ ಎರಡಕ್ಕೆ, ಒಂದಕ್ಕೆ ಇಳಿಸುತ್ತಾ ಹೋಗುತ್ತಾನೆ. ಪಟ್ಟಿಗಳು ಸರಿದು ಬರಹಕ್ಕೆ ಜಾಗ ಹೆಚ್ಚುತ್ತದೆ. ನಲವತ್ತು ವರ್ಷಗಳ ನಂತರವೂ ಇಷ್ಟು ಸರಳವಾದ ಏರ್ಪಾಟು ನನಗೆ ಬೇರೆಲ್ಲೂ ಕಂಡಿಲ್ಲ. ಅಮೆರಿಕದ ಕಾದಂಬರಿಕಾರ ಜಾರ್ಜ್ ಆರ್. ಆರ್. ಮಾರ್ಟಿನ್ ತಮ್ಮ ದಪ್ಪ ದಪ್ಪ ಕಾದಂಬರಿಗಳನ್ನು ವಿಂಡೋಸ್‌ಗೂ ಹಿಂದಿನ ಡಾಸ್ ಯಂತ್ರದಲ್ಲಿ ವರ್ಡ್‌ಸ್ಟಾರ್ 4ರಲ್ಲೇ ಬರೆಯುವುದಾಗಿ ಹೇಳಿಕೊಂಡಿದ್ದಾರೆ. ಅದನ್ನು ಹಳೆಯ ವಸ್ತುವಿನ ಮೇಲಿನ ಮೋಹ ಎಂದು ನಾನು ತಳ್ಳಿಹಾಕುವುದಿಲ್ಲ.

1989ರ ವರ್ಡ್‌ಪರ್ಫೆಕ್ಟ್ 5.1 ಇನ್ನೊಂದು ತುದಿಗೆ ಹೋಯಿತು. ನೀಲಿ ಪರದೆ, ಅದರ ಮೇಲೆ ಬಹುತೇಕ ಏನೂ ಇಲ್ಲ. ಆಜ್ಞೆಗಳು ಹೆಚ್ಚಾಗಿ ಎಫ್ ಕೀಲಿಗಳಲ್ಲಿ. ಯಾವುದು ಏನು ಎಂದು ನೆನಪಿಸಲು ಕೀಲಿಮಣೆಯ ಮೇಲೆ ಇಟ್ಟುಕೊಳ್ಳುವ ಒಂದು ಪಟ್ಟಿ. ಇದಕ್ಕೆ ಒಗ್ಗಿದವರನ್ನು ಸೆಳೆಯಲು ಮೈಕ್ರೋಸಾಫ್ಟ್ ಹಲವು ಆವೃತ್ತಿಗಳವರೆಗೆ ವರ್ಡ್‌ನಲ್ಲಿ ‘ನೀಲಿ ಹಿನ್ನೆಲೆ, ಬಿಳಿ ಅಕ್ಷರ’ ಎಂಬ ಆಯ್ಕೆಯನ್ನೇ ಇಟ್ಟಿತ್ತು. ಎದುರಾಳಿಯ ಪರದೆಯನ್ನು ನಮ್ಮ ಮನೆಯಲ್ಲೇ ಕಟ್ಟಿಕೊಡುತ್ತೇವೆ, ಬನ್ನಿ ಎಂಬ ಕರೆ ಅದು. ಜನ ಬದಲಾವಣೆಗೆ ಕೈ ಹಾಕುವುದು ಬಹಳ ಸಲ ಹಳೆಯದನ್ನು ವಾಪಸು ತರುವುದಕ್ಕೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಸಂಶೋಧಕಿ ವೆಂಡಿ ಮೆಕೇ ಅವರು 1990ರ ಸುಮಾರಿಗೆ ನಡೆಸಿದ ಅಧ್ಯಯನದಲ್ಲೂ ಇದೇ ಕಂಡಿತ್ತು: ಹೊಸ ಆವೃತ್ತಿ ಬಂದು ಕೈಗೆ ಅಡ್ಡಿಯಾದಾಗ ಜನ ಸೆಟ್ಟಿಂಗ್ ತೆರೆಯುತ್ತಾರೆ, ಉಳಿದ ದಿನಗಳಲ್ಲಿ ಸಮಯವಿಲ್ಲ ಎನ್ನುತ್ತಾರೆ.

ವರ್ಡ್ 2000ದಲ್ಲಿ ಒಂದು ಪ್ರಯೋಗ ನಡೆಯಿತು. ನೀವು ಬಳಸದ ಆಜ್ಞೆಗಳನ್ನು ಮೆನು ತಾನಾಗಿಯೇ ಅಡಗಿಸಿಡುತ್ತಿತ್ತು. ಕೆಳಗಿನ ಜೋಡಿ ಬಾಣ ಒತ್ತಿದರೆ ಎಲ್ಲವೂ ಬಿಚ್ಚಿಕೊಳ್ಳುತ್ತಿತ್ತು. ಆಲೋಚನೆ ಒಳ್ಳೆಯದೇ. ಆದರೆ ನಿನ್ನೆ ಮೂರನೆಯ ಸಾಲಿನಲ್ಲಿದ್ದದ್ದು ಇಂದು ಐದನೆಯದಾದರೆ ಕೈಗೆ ಕೋಪ ಬರುತ್ತದೆ. ನಾವು ಓದಿ ಒತ್ತುವುದಿಲ್ಲ, ಜಾಗ ನೋಡಿ ಒತ್ತುತ್ತೇವೆ. ಮೆಕ್‌ಗ್ರೆನೀರ್ ತಂಡ ಮುಂದೆ ಇದನ್ನೂ ಪರೀಕ್ಷಿಸಿತು: ಯಂತ್ರವೇ ಮಾರ್ಪಡಿಸುವ ಮೆನು ಒಂದು ಕಡೆ, ಬಳಸುವವರೇ ಆರಿಸಿಕೊಂಡ ಚಿಕ್ಕ ಮೆನು ಇನ್ನೊಂದು ಕಡೆ. ಹೆಚ್ಚಿನವರು ತಾವೇ ಆರಿಸಿಕೊಂಡದ್ದನ್ನು ಮೆಚ್ಚಿದರು. ಇದೀಗ ಕೃತಕ ಬುದ್ಧಿಮತ್ತೆ ನಿಮ್ಮ ಪರದೆಯನ್ನು ನಿಮಗಾಗಿ ಜೋಡಿಸಿಕೊಡುತ್ತದೆ ಎಂಬ ಜಾಹೀರಾತು ನೋಡುವಾಗಲೆಲ್ಲ ನನಗೆ ಆ ಜೋಡಿ ಬಾಣ ನೆನಪಾಗುತ್ತದೆ.

ಆಮೇಲೆ 2007ರ ರಿಬ್ಬನ್, ಅಂದರೆ ಹಳೆಯ ಮೆನು, ಟೂಲ್‌ಬಾರ್‌ಗಳ ಬದಲು ಗುಂಡಿಗಳನ್ನು ಟ್ಯಾಬುಗಳಲ್ಲಿ ಗುಂಪು ಮಾಡಿಟ್ಟ ಅಗಲವಾದ ಪಟ್ಟಿ. 1989ರ ಮೊದಲ ವಿಂಡೋಸ್ ವರ್ಡ್‌ನಲ್ಲಿ ಎರಡು ಟೂಲ್‌ಬಾರ್ ಇದ್ದರೆ 2003ರ ಹೊತ್ತಿಗೆ ಅವು ಮೂವತ್ತನ್ನು ದಾಟಿದ್ದವು. ಏನಾದರೂ ಮಾಡಲೇಬೇಕಿತ್ತು, ಒಪ್ಪುತ್ತೇನೆ. ಆದರೆ ಹೊಸ ಮನೆ ಕಟ್ಟುವಾಗ ಗೋಡೆಗಳನ್ನು ಸರಿಸುವ ಹಕ್ಕನ್ನೇ ಕಿತ್ತುಕೊಂಡರು. ಮೂಲೆಯಲ್ಲಿ ‘ಕ್ವಿಕ್ ಆ್ಯಕ್ಸೆಸ್ ಟೂಲ್‌ಬಾರ್’ ಎಂಬ ಸಣ್ಣ ಸಾಲೊಂದನ್ನು ಬಿಟ್ಟರೆ ಸಾಮಾನ್ಯ ಬಳಕೆದಾರ ಏನನ್ನೂ ಬದಲಿಸುವಂತಿರಲಿಲ್ಲ. ಅವರು ಕೊಟ್ಟ ಕಾರಣಗಳಲ್ಲಿ ಒಂದು, ಹಳೆಯ ಆವೃತ್ತಿಯಲ್ಲಿ ಟೂಲ್‌ಬಾರ್ ಬದಲಿಸಿಕೊಂಡು ಕೆಲಸ ಮಾಡಿದ ಸಂದರ್ಭಗಳು ನೂರಕ್ಕೆ ಎರಡೂ ಇರಲಿಲ್ಲ ಎಂಬುದು.

ಈ ಲೆಕ್ಕದೊಂದಿಗೆ ನನಗೆ ಜಗಳವಿದೆ. ಆ ನೂರಕ್ಕೆ ಎರಡರಲ್ಲಿ ಕೂತಿದ್ದವರು ಯಾರು? ವಾರಕ್ಕೊಮ್ಮೆ ಅರ್ಜಿ ಬರೆಯುವವರಲ್ಲ. ಬೆಳಗಿನಿಂದ ಸಂಜೆಯವರೆಗೆ ಅದರ ಮುಂದೆಯೇ ಕೂರುವವರು. ಅಷ್ಟೇ ಅಲ್ಲ, ಮೆಕೇ ಅವರ ಅಧ್ಯಯನದಲ್ಲಿ ಇನ್ನೊಂದು ಅಂಶವೂ ಇದೆ. ಒಂದು ಕಚೇರಿಯಲ್ಲಿ ಒಬ್ಬರೋ ಇಬ್ಬರೋ ಆಸಕ್ತಿಯಿಂದ ಪರದೆ ತಿದ್ದುತ್ತಾರೆ, ಉಳಿದವರು ಅವರ ಫೈಲನ್ನು ನಕಲು ಮಾಡಿಕೊಳ್ಳುತ್ತಾರೆ. ನಮ್ಮ ಮುದ್ರಣಾಲಯಗಳಲ್ಲೂ ಹೀಗೆಯೇ. ಪ್ರತಿ ಡಿಟಿಪಿ ಕೇಂದ್ರದಲ್ಲಿ ಒಬ್ಬ ಹುಡುಗ ಅಥವಾ ಹುಡುಗಿ ಇರುತ್ತಾರೆ, ಎಲ್ಲರೂ ‘ಸ್ವಲ್ಪ ಇದನ್ನು ಸರಿಮಾಡಿಕೊಡಿ’ ಎಂದು ಕರೆಯುವುದು ಅವರನ್ನೇ. ಆ ಒಬ್ಬರಿಗೆ ಬಾಗಿಲು ಮುಚ್ಚಿದರೆ ಇಡೀ ಕೋಣೆಗೆ ಮುಚ್ಚಿದಂತೆ. ಮೂರು ವರ್ಷಗಳ ನಂತರ, ಆಫೀಸ್ 2010ರಲ್ಲಿ, ರಿಬ್ಬನ್ ಬದಲಿಸುವ ಅವಕಾಶ ಮರಳಿ ಬಂತು. ಸ್ವಂತ ಟ್ಯಾಬ್ ಮಾಡಿಕೊಳ್ಳಬಹುದು, ಅದರಲ್ಲಿ ಬೇಕಾದ ಗುಂಡಿ ಇಟ್ಟುಕೊಳ್ಳಬಹುದು. ಅವರೇ ಕೊಟ್ಟ ಗುಂಪುಗಳ ಒಳಗಿನ ಗುಂಡಿಗಳನ್ನು ಮಾತ್ರ ಈಗಲೂ ಮುಟ್ಟುವಂತಿಲ್ಲ; ಗುಂಪನ್ನೇ ತೆಗೆದು ನಿಮ್ಮದನ್ನು ಕಟ್ಟಬೇಕು.

ಲಿಬ್ರೆಆಫೀಸ್ ಬೇರೆ ದಾರಿ ಹಿಡಿಯಿತು. 2010ರಲ್ಲಿ ಓಪನ್‌ಆಫೀಸ್‌ನಿಂದ ಕವಲೊಡೆದ ಈ ಉಚಿತ, ಮುಕ್ತ ತಂತ್ರಾಂಶ ಹಳೆಯ ಮೆನುಗಳನ್ನು ಬಿಡಲಿಲ್ಲ. 2019ರ 6.2 ಆವೃತ್ತಿಯಿಂದ ರಿಬ್ಬನ್ ಮಾದರಿಯೂ ಅದರಲ್ಲಿ ಪೂರ್ಣವಾಗಿ ಸಿಗುತ್ತದೆ. ‘ವ್ಯೂ’ ಮೆನುವಿನಲ್ಲಿ ‘ಯೂಸರ್ ಇಂಟರ್‌ಫೇಸ್’ ಎಂಬುದನ್ನು ತೆರೆದರೆ ಟ್ಯಾಬ್ ಇರುವುದು, ಒಂದೇ ಸಾಲಿನದು, ಪಕ್ಕದ ಪಟ್ಟಿಯದು ಎಂದು ಹಲವು ರೂಪಗಳು. ಒಂದೊಂದನ್ನೂ ಒತ್ತಿ ನೋಡಿ, ಏನೂ ಕೆಡುವುದಿಲ್ಲ. ನಾನು ಒಂದೇ ಸಾಲಿನ ಟೂಲ್‌ಬಾರ್ ಇಟ್ಟುಕೊಂಡಿದ್ದೇನೆ. ಬಲಬದಿಯ ಪಟ್ಟಿ ಬೇಕಾದಾಗ ಕಂಟ್ರೋಲ್-ಎಫ್5 ಒತ್ತಿದರೆ ಬರುತ್ತದೆ, ಮತ್ತೆ ಒತ್ತಿದರೆ ಹೋಗುತ್ತದೆ. ವರ್ಡ್‌ನಲ್ಲಾದರೆ ಕಂಟ್ರೋಲ್-ಎಫ್1 ಇಡೀ ರಿಬ್ಬನ್ನನ್ನು ಮಡಚಿಡುತ್ತದೆ. ಇದೊಂದನ್ನು ಕಲಿತರೆ ಸಣ್ಣ ಲ್ಯಾಪ್‌ಟಾಪ್ ಇರುವವರಿಗೆ ಎರಡು ಮೂರು ಸಾಲು ಹೆಚ್ಚು ಕಾಣುತ್ತದೆ.

ಯಾವುದನ್ನು ಹತ್ತಿರ ಇಟ್ಟುಕೊಳ್ಳಬೇಕು ಎಂಬುದಕ್ಕೆ ನಮ್ಮ ಹಿರಿಯ ಮುದ್ರಕರ ಕೇಸನ್ನು, ಅಂದರೆ ಮೊಳೆಗಳ ಖಾನೆಪೆಟ್ಟಿಗೆಯನ್ನು, ನೆನೆಯಿರಿ. ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಹೆಚ್ಚು ಬೇಕಾಗುವ ಅಕ್ಷರಗಳ ಮೊಳೆಗಳು ಕೈಯಳತೆಯ ದೊಡ್ಡ ಖಾನೆಗಳಲ್ಲಿ, ಅಪರೂಪದವು ದೂರದ ಸಣ್ಣ ಖಾನೆಗಳಲ್ಲಿ ಇರುತ್ತಿದ್ದವು. ಕಂಪೋಸಿಟರ್ ಖಾನೆಯನ್ನು ನೋಡುತ್ತಲೇ ಇರಲಿಲ್ಲ, ಅವನ ಕಣ್ಣು ಹಸ್ತಪ್ರತಿಯ ಮೇಲಿರುತ್ತಿತ್ತು. ಕೆ. ಪಿ. ರಾವ್ ಅವರು ಇಂಗ್ಲಿಷ್ ಕೀಲಿಮಣೆಯ ಇಪ್ಪತ್ತಾರು ಕೀಲಿಗಳಲ್ಲೇ ಕನ್ನಡವನ್ನು ಕೂರಿಸಿದಾಗ ನಮ್ಮ ಬೆರಳುಗಳ ಸಮಸ್ಯೆ ಬಗೆಹರಿಯಿತು. ಕರ್ನಾಟಕ ಸರ್ಕಾರ ಆ ವಿನ್ಯಾಸವನ್ನೇ ಪ್ರಮಾಣಿತವೆಂದು ಒಪ್ಪಿತು, ನುಡಿ ಅದನ್ನು ಊರೂರಿಗೆ ಒಯ್ದಿತು. ಆದರೆ ಕೀಲಿಮಣೆಯಾಚೆಯ ಪರದೆಯನ್ನು ಕನ್ನಡಕ್ಕೆಂದು ಯಾರೂ ಜೋಡಿಸಿಕೊಡಲಿಲ್ಲ. ಅಲ್ಲಿಂದ ಮುಂದಿನದು ನಮ್ಮ ಕೆಲಸ.

ಈಗ ಅದಕ್ಕೇ ಬರೋಣ. ಎಲ್ಲಕ್ಕೂ ಮೊದಲು ಭಾಷೆ. ಇದನ್ನು ಬಿಟ್ಟು ಬೇರೆ ಏನು ಮಾಡಿದರೂ ಅರ್ಧ ಫಲ.

ಲಿಬ್ರೆಆಫೀಸ್‌ನಲ್ಲಿ ಬರೆಯುವ ಕೆಲಸಕ್ಕಿರುವ ಭಾಗವಾದ ರೈಟರ್ ಜಗತ್ತಿನ ಲಿಪಿಗಳನ್ನು ಮೂರು ಗುಂಪು ಮಾಡಿಕೊಂಡಿದೆ: ಪಾಶ್ಚಾತ್ಯ, ಏಷ್ಯನ್, ಕಾಂಪ್ಲೆಕ್ಸ್. ಚೀನಿ, ಜಪಾನಿ, ಕೊರಿಯನ್ ಎರಡನೆಯದರಲ್ಲಿ. ಅರೇಬಿಕ್, ಹೀಬ್ರೂ, ಭಾರತದ ಲಿಪಿಗಳು ಮೂರನೆಯದರಲ್ಲಿ. ಆದ್ದರಿಂದ ‘ಏಷ್ಯನ್’ ಎಂದು ಕಂಡ ಕಡೆ ಕನ್ನಡವನ್ನು ಹುಡುಕಬೇಡಿ. ‘ಟೂಲ್ಸ್’, ‘ಆಪ್ಷನ್ಸ್’, ಅದರಲ್ಲಿ ಭಾಷೆಗಳ ಪುಟ. ಅಲ್ಲಿ ಕಾಂಪ್ಲೆಕ್ಸ್ ಲಿಪಿಯ ಎದುರು ಕನ್ನಡ ಆರಿಸಿ. ಹೆಚ್ಚಿನ ಯಂತ್ರಗಳಲ್ಲಿ ಅಲ್ಲಿ ಹಿಂದಿ ಕೂತಿರುತ್ತದೆ. ಹಾಗೇ ಬಿಟ್ಟರೆ ನೀವು ಬರೆದ ಪ್ರತಿ ಕನ್ನಡ ವಾಕ್ಯಕ್ಕೂ ಒಳಗೊಳಗೇ ‘ಇದು ಹಿಂದಿ’ ಎಂಬ ಚೀಟಿ ಅಂಟುತ್ತದೆ. ಬಳಿಕ ರೈಟರ್‌ನ ಮೂಲ ಫಾಂಟುಗಳ ಪುಟದಲ್ಲಿ, ಕಾಂಪ್ಲೆಕ್ಸ್ ವಿಭಾಗದಲ್ಲಿ, ನಿಮಗೆ ಬೇಕಾದ ಕನ್ನಡ ಫಾಂಟನ್ನೂ ಅಳತೆಯನ್ನೂ ಕೊಡಿ. ನೋಟೊ ಸೆರಿಫ್ ಕನ್ನಡ, ಗುಬ್ಬಿ, ನವಿಲು, ಮೈಕ್ರೋಸಾಫ್ಟ್‌ನ ತುಂಗಾ, ವಿಂಡೋಸ್ ಜತೆಗೇ ಬರುವ ನಿರ್ಮಲಾ ಯುಐ, ನಿಮ್ಮ ಇಷ್ಟ.

‘ಇಂಗ್ಲಿಷ್ ಅಕ್ಷರ 12ರಲ್ಲಿದೆ, ಕನ್ನಡ ಬೇರೆ ಅಳತೆಯಲ್ಲಿ ಬರುತ್ತಿದೆ, ಎಷ್ಟು ಸಲ ಬದಲಿಸಿದರೂ ಹೊಸ ಕಡತದಲ್ಲಿ ಅದೇ ಪಾಡು’ ಎಂದು ದೂರುವವರನ್ನು ನಾನು ಆಗಾಗ ಕಾಣುತ್ತೇನೆ. ಗುಟ್ಟು ಇಷ್ಟೇ. ಫಾಂಟ್, ಅಳತೆ, ಅಂತರಗಳನ್ನು ಒಂದೇ ಹೆಸರಿನಲ್ಲಿ ಕಟ್ಟಿಟ್ಟ ಮಾದರಿಯೇ ಸ್ಟೈಲ್. ಪ್ರತಿ ಸ್ಟೈಲ್‌ನಲ್ಲೂ ಇಂಗ್ಲಿಷಿಗೆ ಒಂದು ಫಾಂಟ್, ಕನ್ನಡಕ್ಕೆ ಒಂದು ಫಾಂಟ್ ಬೇರೆ ಬೇರೆಯಾಗಿ ಇರುತ್ತವೆ. ನೀವು ಒಂದನ್ನು ಬದಲಿಸಿ ಇನ್ನೊಂದೂ ಬದಲಾಯಿತೆಂದು ನಂಬುತ್ತೀರಿ. ವರ್ಡ್‌ನಲ್ಲೂ ಇದೇ ವ್ಯವಸ್ಥೆ ಇದೆ. ಆದರೆ ಅಲ್ಲಿ ಕನ್ನಡವನ್ನು ಭಾಷೆಗಳ ಪಟ್ಟಿಗೆ ಸೇರಿಸುವವರೆಗೂ ಫಾಂಟ್ ಕಿಟಕಿಯಲ್ಲಿ ‘ಕಾಂಪ್ಲೆಕ್ಸ್ ಸ್ಕ್ರಿಪ್ಟ್ಸ್’ ಎಂಬ ಭಾಗ ಕಾಣಿಸಿಕೊಳ್ಳುವುದೇ ಇಲ್ಲ. ಇರುವ ಗುಂಡಿಯನ್ನು ಅಡಗಿಸುವುದು ನಮ್ಮ ಕೆಲಸ ಎಂದೆ. ಕೆಲವು ಗುಂಡಿಗಳನ್ನು ಹೀಗೆ ಹೊರಗೆ ಕರೆಯಬೇಕಾಗುತ್ತದೆ.

ಎರಡನೆಯದು ಪೇಸ್ಟ್. ಜಗತ್ತಿನ ಅತಿ ಹೆಚ್ಚು ಬಳಕೆಯ ಆಜ್ಞೆ, ನಮಗೆ ಅತಿ ಹೆಚ್ಚು ತೊಂದರೆ ಕೊಡುವುದೂ ಅದೇ. ವಾಟ್ಸಾಪ್‌ನಿಂದ ಒಂದು ಪ್ಯಾರಾ, ಜಾಲತಾಣದಿಂದ ಇನ್ನೊಂದು, ಲೇಖಕರ ಇಮೇಲ್‌ನಿಂದ ಮತ್ತೊಂದು ತಂದು ಅಂಟಿಸುತ್ತೀರಿ. ಒಂದೊಂದೂ ತನ್ನ ಫಾಂಟ್, ತನ್ನ ಬಣ್ಣ, ತನ್ನ ಸಾಲಂತರ ಹೊತ್ತು ಬರುತ್ತದೆ. ಕನ್ನಡದಲ್ಲಿ ಈ ಸಾಲಂತರದ ಪೀಡೆ ದೊಡ್ಡದು: ಇಂಗ್ಲಿಷಿಗೆಂದು ನಿಗದಿಯಾದ ಅಂತರದಲ್ಲಿ ‘ರಾಷ್ಟ್ರ’, ‘ಸ್ತ್ರೀ’ ಬಂದರೆ ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ.

ರೈಟರ್‌ನಲ್ಲಿ ‘ಟೂಲ್ಸ್’ ಮೆನುವಿನ ‘ಕಸ್ಟಮೈಜ್’ ತೆರೆದು, ‘ಕೀಬೋರ್ಡ್’ ಪುಟಕ್ಕೆ ಹೋಗಿ. ಬಲಗಡೆ ‘ರೈಟರ್’ ಎಂಬುದಕ್ಕೆ ಗುರುತು ಹಾಕಿ. ಇಲ್ಲವಾದರೆ ಲೆಕ್ಕದ ಹಾಳೆಗಳಲ್ಲೂ ಬದಲಾವಣೆ ಆಗಿಬಿಟ್ಟೀತು. ಪಟ್ಟಿಯಲ್ಲಿ ಕಂಟ್ರೋಲ್-ವಿ ಆರಿಸಿ, ಕೆಳಗೆ ‘ಪೇಸ್ಟ್ ಅನ್‌ಫಾರ್ಮ್ಯಾಟೆಡ್ ಟೆಕ್ಸ್ಟ್’ ಹುಡುಕಿ ಅದಕ್ಕೆ ಹೊಂದಿಸಿ. ಇನ್ನು ಮೇಲೆ ಬರಹ ಬರಿಯ ಬರಹವಾಗಿಯೇ ಬರುತ್ತದೆ, ನಿಮ್ಮ ಕಡತದ ಫಾಂಟನ್ನೇ ತೊಡುತ್ತದೆ. ಮಾಮೂಲಿ ಪೇಸ್ಟ್ ಅನ್ನು ಕಂಟ್ರೋಲ್-ಶಿಫ್ಟ್-ವಿಗೆ ಕೊಡಿ, ಏಕೆಂದರೆ ಚಿತ್ರ ಅಂಟಿಸಲು ಅದು ಬೇಕು. ಲೇಖಕರು ಓರೆ ಅಕ್ಷರ, ದಪ್ಪಕ್ಷರಗಳನ್ನು ಬೇಕೆಂದೇ ಹಾಕಿದ ಹಸ್ತಪ್ರತಿಗೂ ಅದೇ ಬೇಕು, ಬರಿಯ ಪೇಸ್ಟ್‌ನಲ್ಲಿ ಅವೆಲ್ಲ ಅಳಿಸಿಹೋಗುತ್ತವೆ. ವರ್ಡ್‌ನಲ್ಲಿ ಇದಕ್ಕೆ ಕೀಲಿ ಬದಲಿಸುವ ಅಗತ್ಯವೂ ಇಲ್ಲ: ‘ಆಪ್ಷನ್ಸ್’ನ ‘ಅಡ್ವಾನ್ಸ್ಡ್’ ಪುಟದಲ್ಲಿ, ಬೇರೆ ತಂತ್ರಾಂಶಗಳಿಂದ ಅಂಟಿಸುವಾಗ ‘ಕೀಪ್ ಟೆಕ್ಸ್ಟ್ ಓನ್ಲಿ’ ಎಂದು ಒಮ್ಮೆ ಹೇಳಿಟ್ಟರೆ ಸಾಕು.

ಇದರಿಂದ ನಮಗೆ ಇನ್ನೊಂದು ಲಾಭವಿದೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿರುವ ಕಡತದಿಂದ ಹೀಗೆ ಅಂಟಿಸಿದರೆ ಕನ್ನಡ ಮಾಯವಾಗಿ ವಿಚಿತ್ರ ರೋಮನ್ ಅಕ್ಷರಗಳ ಸಂತೆ ಕಾಣುತ್ತದೆ. ಕಡತ ಕೆಟ್ಟಿತೆಂದು ಗಾಬರಿಯಾಗಬೇಡಿ. ಅದರೊಳಗೆ ಮೊದಲಿನಿಂದ ಇದ್ದದ್ದೇ ಆ ಅಕ್ಷರಗಳು. ಫಾಂಟ್ ಮೇಲೆ ಕನ್ನಡದ ಹೊದಿಕೆ ಹೊದಿಸಿತ್ತು. ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್‌ಗೆ ಪರಿವರ್ತಿಸಬೇಕಾದ ಭಾಗ ಯಾವುದೆಂದು ಆರಂಭದಲ್ಲೇ ಗೊತ್ತಾಯಿತಲ್ಲ, ಒಳ್ಳೆಯದೇ ಆಯಿತು. ಇನ್ನೂರು ಪುಟ ಜೋಡಿಸಿ ಫಾಂಟ್ ಬದಲಿಸುವಾಗ ಗೊತ್ತಾಗುವುದಕ್ಕಿಂತ ಇದು ವಾಸಿ. ಅಂದಹಾಗೆ, ಇನ್ನೂ ಹಳೆಯ ಫಾಂಟುಗಳಲ್ಲೇ ಕೆಲಸ ಮಾಡುವವರು ಇಲ್ಲಿದ್ದರೆ, ಒತ್ತಿದ್ದನ್ನು ತಾನಾಗಿಯೇ ತಿದ್ದುವ ಆಟೋಕರೆಕ್ಟ್‌ನಲ್ಲಿ ವಾಕ್ಯದ ಮೊದಲಕ್ಷರವನ್ನು ದೊಡ್ಡದು ಮಾಡುವ ಆಯ್ಕೆಯನ್ನು ಕೂಡಲೇ ತೆಗೆಯಿರಿ. ಇಂಗ್ಲಿಷಿನ ಸಣ್ಣಕ್ಷರ, ದೊಡ್ಡಕ್ಷರಗಳ ಜಾಗದಲ್ಲಿ ಆ ಫಾಂಟುಗಳು ಬೇರೆ ಬೇರೆ ಕನ್ನಡ ರೂಪಗಳನ್ನು ಇಟ್ಟಿವೆ. ತಂತ್ರಾಂಶ ಉಪಕಾರ ಮಾಡಲು ಹೋಗಿ ಅಕ್ಷರವನ್ನೇ ಬದಲಿಸುತ್ತದೆ.

ಮೂರನೆಯದು ಕಣ್ಣಿಗೆ ಕಾಣದ ಒಂದು ಅಕ್ಷರ. ಕನ್ನಡದಲ್ಲಿ ವ್ಯಂಜನಕ್ಕೆ ವ್ಯಂಜನ ತಾಗಿದರೆ ಒತ್ತಾಗುತ್ತದೆ, ಅದೇ ನಿಯಮ. ಆದರೆ ‘ಫೇಸ್‌ಬುಕ್’, ‘ಸಾಫ್ಟ್‌ವೇರ್’, ‘ರಾಜ್‌ಕುಮಾರ್’ ಬರೆಯುವಾಗ ಒತ್ತು ಬೇಡ, ಅರ್ಧಾಕ್ಷರ ಹಾಗೇ ನಿಲ್ಲಬೇಕು. ಅದಕ್ಕೆ ನಡುವೆ ಅಗಲವಿಲ್ಲದ ಒಂದು ಯೂನಿಕೋಡ್ ಗುರುತು ಸೇರಿಸಬೇಕು; ಇಲ್ಲದಿದ್ದರೆ ‘ಫೇಸ್ಬುಕ್’ ಆಗುತ್ತದೆ. ‘ರ‍್ಯಾಂಕ್’ ಎಂಬಲ್ಲಿ ಅರ್ಕಾವೊತ್ತು ಬಾರದಂತೆ ತಡೆಯಲು ಇನ್ನೊಂದು ಗುರುತು. ಕೆಲವು ಕೀಲಿಮಣೆ ತಂತ್ರಾಂಶಗಳಲ್ಲಿ ಇವಕ್ಕೆ ಕೀಲಿ ಇದೆ, ಕೆಲವುಗಳಲ್ಲಿ ಇಲ್ಲ, ಇದ್ದರೂ ಹೆಚ್ಚಿನವರಿಗೆ ತಿಳಿದಿಲ್ಲ. ಪರಿಣಾಮವಾಗಿ ನಡುವೆ ಖಾಲಿ ಜಾಗ ಬಿಟ್ಟು ‘ಸಾಫ್ಟ್ ವೇರ್’ ಎಂದು ಬರೆದು, ಸಾಲಿನ ಕೊನೆಯಲ್ಲಿ ಪದ ಎರಡು ತುಂಡಾಗಿ, ಹುಡುಕಿದರೂ ಸಿಗದಂತಾಗುವುದನ್ನು ಪ್ರತಿ ಹಸ್ತಪ್ರತಿಯಲ್ಲೂ ನೋಡುತ್ತೇನೆ.

ವರ್ಡ್‌ನಲ್ಲಿ ‘ಇನ್ಸರ್ಟ್’, ‘ಸಿಂಬಲ್’, ‘ಮೋರ್ ಸಿಂಬಲ್ಸ್’ ದಾಟಿ ‘ಸ್ಪೆಷಲ್ ಕ್ಯಾರೆಕ್ಟರ್ಸ್’ಗೆ ಹೋದರೆ ‘ನೋ-ವಿಡ್ತ್ ಆಪ್ಷನಲ್ ಬ್ರೇಕ್’ ಎಂಬ ಗೊಂದಲದ ಹೆಸರಿನಲ್ಲಿ ಮೊದಲನೆಯ ಗುರುತು, ‘ನೋ-ವಿಡ್ತ್ ನಾನ್ ಬ್ರೇಕ್’ ಎಂಬ ಹೆಸರಿನಲ್ಲಿ ಎರಡನೆಯದು ಕೂತಿವೆ. ಆರಿಸಿ, ಕೆಳಗಿನ ‘ಶಾರ್ಟ್‌ಕಟ್ ಕೀ’ ಗುಂಡಿ ಒತ್ತಿ, ನಿಮ್ಮ ಬೆರಳಿಗೆ ಸುಲಭವಾದ ಜೋಡಿಯೊಂದನ್ನು ಕೊಡಿ. ನನ್ನ ಪ್ರಕಾರ ಕನ್ನಡ ಬರಹಗಾರರು ವರ್ಡ್‌ನಲ್ಲಿ ಒಂದೇ ಒಂದು ಬದಲಾವಣೆ ಮಾಡುವುದಾದರೆ ಇದನ್ನೇ ಮಾಡಬೇಕು.

ರೈಟರ್‌ನಲ್ಲಿ ನಾನು ಆಟೋಕರೆಕ್ಟ್ ಪಟ್ಟಿಯನ್ನು ಬಳಸುತ್ತೇನೆ. ‘ಟೂಲ್ಸ್’ ಮೆನುವಿನ ಆಟೋಕರೆಕ್ಟ್ ಆಯ್ಕೆಗಳನ್ನು ತೆರೆದರೆ ಮೇಲ್ಗಡೆ ಭಾಷೆ ಕೇಳುತ್ತದೆ. ಪ್ರತಿ ಭಾಷೆಗೂ ಪಟ್ಟಿ ಬೇರೆ. ಕನ್ನಡವನ್ನು ಆರಿಸಿ ಅಲ್ಲೇ ತುಂಬಿ. ಭಾಷೆಯ ಸೆಟ್ಟಿಂಗ್ ಮೊದಲು ಎಂದದ್ದು ಇದಕ್ಕಾಗಿಯೇ: ನಿಮ್ಮ ಬರಹಕ್ಕೆ ಹಿಂದಿಯ ಚೀಟಿ ಇದ್ದರೆ ಕನ್ನಡದ ಪಟ್ಟಿಯನ್ನು ತಂತ್ರಾಂಶ ತೆರೆದೂ ನೋಡುವುದಿಲ್ಲ. ಎಡಗಡೆ ಒತ್ತಿರುವ ತಪ್ಪು ರೂಪ, ಬಲಗಡೆ ಸರಿಯಾದ ರೂಪ. ಒಂದು ತೊಡಕಿದೆ. ಕನ್ನಡದ ಪದ ಒಂಟಿಯಾಗಿ ಬರುವುದು ಕಡಿಮೆ. ‘ಸಾಫ್ಟ್‌ವೇರಿನ’, ‘ಸಾಫ್ಟ್‌ವೇರಿನಲ್ಲಿ’, ‘ಸಾಫ್ಟ್‌ವೇರುಗಳಿಗೆ’ ಎಂದು ಪ್ರತ್ಯಯ ಹೊತ್ತೇ ಬರುತ್ತದೆ. ಇದಕ್ಕೂ ಉಪಾಯವುಂಟು. ಎಡಗಡೆ ಪದದ ಮೊದಲ ಭಾಗವನ್ನಷ್ಟೇ, ‘ಸಾಫ್ಟ್ವೇ’ ಎಂದು, ಬರೆದು ಅದರ ಬೆನ್ನಿಗೆ ಒಂದು ಚುಕ್ಕೆ, ಒಂದು ನಕ್ಷತ್ರ ಚಿಹ್ನೆ ಹಾಕಿ. ಬಲಗಡೆ ಸರಿಯಾದ ಮೊದಲ ಭಾಗ ಸಾಕು. ಬಾಲ ಯಾವುದೇ ಇರಲಿ, ತಲೆ ಸರಿಹೋಗುತ್ತದೆ.

ಇದನ್ನೆಲ್ಲ ಪರದೆಯ ಜೋಡಣೆ ಎನ್ನಬಹುದೇ ಎಂದು ಕೆಲವರು ಹುಬ್ಬೇರಿಸುತ್ತಿದ್ದೀರಿ. ನನ್ನ ಮಟ್ಟಿಗೆ ಬರಹಕ್ಕೂ ಕೈಗೂ ನಡುವೆ ಇರುವುದೆಲ್ಲ ಪರದೆಯೇ.

ಉಳಿದವನ್ನ ಬೇಗ ಮುಗಿಸುತ್ತೇನೆ. ಅಧ್ಯಾಯದ ಹೆಸರು, ಉಪಶೀರ್ಷಿಕೆಗಳಿಗೆ ಕೈಯಿಂದ ದಪ್ಪ ಮಾಡಿ ಅಳತೆ ಹೆಚ್ಚಿಸಬೇಡಿ, ಸ್ಟೈಲ್ ಬಳಸಿ. ರೈಟರ್‌ನಲ್ಲಿ ಕಂಟ್ರೋಲ್-1, ಕಂಟ್ರೋಲ್-2 ಒತ್ತಿದರೆ ಮೊದಲ, ಎರಡನೆಯ ಹಂತದ ಶೀರ್ಷಿಕೆ. ವರ್ಡ್‌ನಲ್ಲಿ ಜತೆಗೆ ಆಲ್ಟ್ ಬೇಕು. ಪದ್ಯಕ್ಕೆ, ಉದ್ಧರಣೆಗೆ ನಿಮ್ಮದೇ ಸ್ಟೈಲ್ ಮಾಡಿಕೊಂಡರೆ ಅವಕ್ಕೂ ಕೀಲಿ ಕೊಡಬಹುದು. ವರ್ಡ್‌ನ ಕ್ವಿಕ್ ಆ್ಯಕ್ಸೆಸ್ ಸಾಲಿನಲ್ಲಿ ಇಟ್ಟ ಗುಂಡಿಗಳಿಗೆ ಆಲ್ಟ್-1, ಆಲ್ಟ್-2 ಎಂದು ತಾನಾಗಿಯೇ ಕೀಲಿ ಸಿಗುತ್ತದೆ. ಆದ್ದರಿಂದ ಅಲ್ಲಿ ಹತ್ತಿಪ್ಪತ್ತು ಗುಂಡಿ ಗುಡ್ಡೆ ಹಾಕದೆ ನಾಲ್ಕೈದನ್ನು ಇಡಿ, ಕ್ರಮ ಬದಲಿಸಬೇಡಿ.

ಮಾಡಿದ್ದನ್ನು ಉಳಿಸಿಕೊಳ್ಳುವ ಮಾತು. ವರ್ಡ್ ನಿಮ್ಮ ಕೀಲಿಗಳು, ಸ್ಟೈಲುಗಳು, ಮ್ಯಾಕ್ರೊಗಳನ್ನು ‘ನಾರ್ಮಲ್’ ಎಂಬ ಒಂದೇ ಟೆಂಪ್ಲೇಟ್ ಕಡತದಲ್ಲಿ ಇಡುತ್ತದೆ. ರಿಬ್ಬನ್ನಿನ ಬದಲಾವಣೆಗಳು ಮಾತ್ರ ಬೇರೆ ಕಡತದಲ್ಲಿ. ಅವನ್ನು ಹೊರತೆಗೆಯಲು ರಿಬ್ಬನ್ ಪುಟದ ಕೆಳಗೇ ‘ಎಕ್ಸ್‌ಪೋರ್ಟ್’ ಇದೆ. ಲಿಬ್ರೆಆಫೀಸ್‌ನಲ್ಲಿ ಎಲ್ಲವೂ ‘ಯೂಸರ್’ ಎಂಬ ಒಂದು ಫೋಲ್ಡರ್‌ನಲ್ಲಿರುತ್ತವೆ. ಕೀಲಿಗಳನ್ನು ಮಾತ್ರ ಬೇಕೆಂದರೆ ಅದೇ ಕೀಬೋರ್ಡ್ ಪುಟದಲ್ಲಿ ‘ಸೇವ್’ ಒತ್ತಿ ಬೇರೆ ಕಡತ ಮಾಡಿಕೊಳ್ಳಬಹುದು. ಈ ಕಡತಗಳ ಒಂದು ಪ್ರತಿಯನ್ನು ಪೆನ್ ಡ್ರೈವ್‌ನಲ್ಲೋ ನಿಮಗೇ ಕಳಿಸಿಕೊಂಡ ಇಮೇಲ್‌ನಲ್ಲೋ ಇಡಿ. ವಿಂಡೋಸ್ ಹೊಸದಾಗಿ ಹಾಕಿಕೊಡುವ ಅಂಗಡಿಯವರು ನಿಮ್ಮ ಕಡತಗಳನ್ನು ಉಳಿಸಿಕೊಟ್ಟಾರು, ಇವುಗಳ ನೆನಪು ಅವರಿಗೆ ಇರುವುದಿಲ್ಲ.

ಇಲ್ಲಿಗೆ ನನ್ನ ಮಾತು ಮುಗಿಯಿತು, ಕೇಳಿ.

ಶಿಕ್ಷಕಿಯೊಬ್ಬರು: ನಮ್ಮ ಶಾಲೆಯ ಕಂಪ್ಯೂಟರ್‌ಗಳನ್ನು ಎಲ್ಲ ಮಕ್ಕಳೂ ಬಳಸುತ್ತಾರೆ. ಒಬ್ಬ ಬದಲಿಸಿದ್ದು ಇನ್ನೊಬ್ಬನಿಗೆ ತೊಂದರೆಯಾಗುವುದಿಲ್ಲವೇ, ಸರ್?

ಆಗುತ್ತದೆ, ಮೇಡಂ. ಈ ಬದಲಾವಣೆಗಳೆಲ್ಲ ಯಂತ್ರದ ಬಳಕೆದಾರ ಖಾತೆಗೆ ಸೇರಿದವು. ತರಗತಿಗೊಂದು ಖಾತೆ ಮಾಡಿದರೂ ಅರ್ಧ ಗಲಾಟೆ ಕಡಿಮೆ. ಅದೂ ಆಗದಿದ್ದರೆ ಭಾಷೆ ಮತ್ತು ಫಾಂಟ್ ಇವೆರಡನ್ನು ನೀವೇ ಸರಿಪಡಿಸಿ, ಉಳಿದದ್ದನ್ನು ಮುಟ್ಟಬೇಡಿ. ಯಾರೋ ಮೆನುವನ್ನೇ ಕಾಣೆಯಾಗಿಸಿದ್ದರೆ ಲಿಬ್ರೆಆಫೀಸ್‌ನ ‘ಹೆಲ್ಪ್’ನಲ್ಲಿ ‘ರೀಸ್ಟಾರ್ಟ್ ಇನ್ ಸೇಫ್ ಮೋಡ್’ ಇದೆ, ಅಲ್ಲಿಂದ ಮೂಲ ಸ್ಥಿತಿಗೆ ತರಬಹುದು. ಮಕ್ಕಳು ಪರದೆ ಕೆಡಿಸುವುದು ನನಗೇನೂ ಅನಾಹುತವಾಗಿ ಕಾಣುವುದಿಲ್ಲ. ಸರಿಮಾಡುವುದನ್ನೂ ಅವರಿಗೇ ಹೇಳಿಕೊಡಿ.

ಹಿರಿಯ ಲೇಖಕರೊಬ್ಬರು: ನನಗೆ ಮೆನುವಿನ ಅಕ್ಷರ ಕಾಣುವುದಿಲ್ಲ. ಬರಹವನ್ನು ದೊಡ್ಡದು ಮಾಡಿದರೆ ಅದೊಂದೇ ದೊಡ್ಡದಾಗುತ್ತದೆ.

ಹೌದು ಸರ್, ಅವೆರಡೂ ಬೇರೆ ಬೇರೆ. ಬರಹದ ಜೂಮ್ ತಂತ್ರಾಂಶದ ಕೈಯಲ್ಲಿದೆ, ಮೆನುವಿನ ಅಳತೆ ವಿಂಡೋಸ್ ಕೈಯಲ್ಲಿ. ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ‘ಸ್ಕೇಲ್’ ಎಂಬುದನ್ನು 125ಕ್ಕೋ 150ಕ್ಕೋ ಏರಿಸಿ. ಲಿಬ್ರೆಆಫೀಸ್‌ನಲ್ಲಿ ಚಿಹ್ನೆಗಳ ಅಳತೆಯನ್ನು ‘ವ್ಯೂ’ ಆಯ್ಕೆಗಳಲ್ಲಿ ಬೇರೆಯಾಗಿಯೇ ಹೆಚ್ಚಿಸಬಹುದು. ಬಿಳಿಯ ಹಾಳೆ ಕಣ್ಣಿಗೆ ಚುಚ್ಚಿದರೆ ಬಣ್ಣಗಳ ಪುಟದಲ್ಲಿ ಕಾಗದದ ಹಿನ್ನೆಲೆಯನ್ನು ತಿಳಿ ಹಳದಿಯೋ ಬೂದಿಯೋ ಮಾಡಿಕೊಳ್ಳಿ, ಮುದ್ರಣದಲ್ಲಿ ಅದು ಬರುವುದಿಲ್ಲ.

ವಿದ್ಯಾರ್ಥಿಯೊಬ್ಬ: ಮೆನುಗಳನ್ನೇ ಕನ್ನಡಕ್ಕೆ ಬದಲಿಸಿಕೊಳ್ಳುವುದು ಒಳ್ಳೆಯದಲ್ಲವೇ?

ಲಿಬ್ರೆಆಫೀಸ್ ಕನ್ನಡದಲ್ಲಿ ಸಿಗುತ್ತದೆ, ಭಾಷೆಗಳ ಪುಟದಲ್ಲೇ ‘ಯೂಸರ್ ಇಂಟರ್‌ಫೇಸ್’ ಎದುರು ಬದಲಿಸಬಹುದು. ಹೊಸದಾಗಿ ಕಲಿಯುವವರಿಗೆ, ಇಂಗ್ಲಿಷ್ ಕಂಡರೆ ಹಿಂಜರಿಯುವವರಿಗೆ ಖಂಡಿತ ಒಳ್ಳೆಯದು. ನಾನು ಇಂಗ್ಲಿಷಿನಲ್ಲಿ ಇಟ್ಟುಕೊಂಡಿರುವುದಕ್ಕೆ ಕಾರಣ, ಫೋನಿನಲ್ಲಿ ಬೇರೆಯವರಿಗೆ ‘ಅಲ್ಲಿ ಒತ್ತಿ, ಇಲ್ಲಿ ಒತ್ತಿ’ ಎಂದು ಹೇಳಬೇಕಾಗುತ್ತದೆ. ಅವರ ಪರದೆ ಇಂಗ್ಲಿಷಿನಲ್ಲಿರುತ್ತದೆ. ಊರಿನಲ್ಲಿ ಹತ್ತು ಮಂದಿ ಒಟ್ಟಿಗೆ ಬದಲಾದರೆ ನಾನೂ ಬದಲಾಗುತ್ತೇನೆ.

ಮತ್ತೊಬ್ಬರು: ನಾನು ಬರೆಯುವುದೆಲ್ಲ ಮೊಬೈಲ್‌ನಲ್ಲಿ. ಇದರಲ್ಲಿ ನನಗೆ ಏನಾದರೂ ಇದೆಯೇ?

ಫೋನಿನ ವರ್ಡ್‌ನಲ್ಲಿ ಮೆನು ಬದಲಿಸಲು ಅಂಥ ಅವಕಾಶವಿಲ್ಲ. ಅಲ್ಲಿ ನಿಮ್ಮ ಕೈಯಲ್ಲಿರುವುದು ಕೀಲಿಮಣೆ. ಗೂಗಲ್‌ನ ಕೀಲಿಮಣೆ ಜಿಬೋರ್ಡ್ ಬಳಸುತ್ತಿದ್ದರೆ ಅದರ ಸೆಟ್ಟಿಂಗ್‌ನಲ್ಲಿ ‘ಪರ್ಸನಲ್ ಡಿಕ್ಷನರಿ’ ತೆರೆದು, ಕನ್ನಡದ ಪುಟಕ್ಕೆ ಹೋಗಿ, ಪದವನ್ನೂ ಅದಕ್ಕೊಂದು ಸಂಕ್ಷಿಪ್ತ ರೂಪವನ್ನೂ ಸೇರಿಸಿ. ಸಂಕ್ಷಿಪ್ತ ರೂಪ ಒತ್ತಿದಾಗ ಪೂರ್ಣಪದ ಮೇಲಿನ ಪಟ್ಟಿಯಲ್ಲಿ ಬರುತ್ತದೆ. ಅರ್ಧಾಕ್ಷರ ನಿಲ್ಲಬೇಕಾದ ಹೆಸರುಗಳನ್ನು ಕಂಪ್ಯೂಟರ್‌ನಲ್ಲಿ ಒಮ್ಮೆ ಸರಿಯಾಗಿ ಬರೆದು, ಫೋನಿಗೆ ಕಳಿಸಿಕೊಂಡು, ಅಲ್ಲಿಗೆ ಅಂಟಿಸಿಡಿ.